ಹೊಸದಾಗಿ ಕೊಂಡ ಮನೆಯ ಅಡುಗೆಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷದ ಹಿಂದೆ ನಾವು ಬೆಂಗಳೂರಿನ ದಕ್ಷಿಣ ಭಾಗದಲ್ಲಿ 14 ವರ್ಷ ಹಳೆಯ ಫ್ಲಾಟ್ ಒಂದನ್ನು ಕೊಂಡೆವು. ಅಡುಗೆಮನೆ 8 ಅಡಿಗೆ 9 ಅಡಿ. ಪಕ್ಕದಲ್ಲಿ ಪುಟ್ಟ ಯುಟಿಲಿಟಿ. ಅದನ್ನು ಹೊಸದು ಮಾಡಿಸಿಕೊಂಡ ಮೇಲೆ, ಮನೆ ಕೊಂಡ ನೆಂಟರು ಮತ್ತು ಸ್ನೇಹಿತರು ಫೋನ್ ಮಾಡಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಹಾಲುಕ್ಕಿಸುವ ಮೊದಲೇ ಅಡುಗೆಮನೆ ಕೆಲಸ ಮುಗಿಸಿಬಿಡಬೇಕಾ?

ಬೇಡ. ಹಳೆಯ ಕಟ್ಟೆಯ ಮೇಲೇ ಹಾಲುಕ್ಕಿಸಿ. ಒಂದು ತಿಂಗಳಾದರೂ ಆ ಅಡುಗೆಮನೆಯಲ್ಲಿ ಅಡುಗೆ ಮಾಡಿ. ಬೆಳಗ್ಗೆ ತಿಂಡಿ ಮಾಡುವಾಗ ಬೆಳಕು ಎಲ್ಲಿಂದ ಬರುತ್ತದೆ, ಒಗ್ಗರಣೆ ಘಾಟು ಯಾವ ಕೋಣೆಗೆ ಹೋಗುತ್ತದೆ, ಸಿಂಕಿನ ನೀರು ಎಷ್ಟು ಬೇಗ ಇಳಿಯುತ್ತದೆ, ಮಿಕ್ಸಿ ಹಚ್ಚಲು ದಿನಕ್ಕೆ ಎಷ್ಟು ಸಲ ಜಾಗ ಖಾಲಿ ಮಾಡುತ್ತೀರಿ, ಇದೆಲ್ಲ ಅಡುಗೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಗೋಡೆಗೆ ಒಂದು ಹಾಳೆ ಅಂಟಿಸಿ. ತೊಂದರೆ ಆದಾಗೆಲ್ಲ ಅದರ ಮೇಲೆ ಒಂದು ಸಾಲು ಬರೆಯಿರಿ. ನಮ್ಮ ಹಾಳೆಯಲ್ಲಿ ಕೊನೆಗೆ 23 ಸಾಲು ಇದ್ದವು. ಮಾಡ್ಯುಲರ್ ಕಿಚನ್ ಅಂಗಡಿಗೆ ಮೊದಲ ದಿನ ಹೋದಾಗ ನಾವು ಕೇಳಿದ್ದ ಒಂದು ವಸ್ತುವೂ ಅದರಲ್ಲಿ ಇರಲಿಲ್ಲ.

ಆದರೆ ನೆಲ ಅಗೆಯಬೇಕು, ಕೆಳಗಿನ ಮನೆಗೆ ನೀರು ಸೋರುತ್ತಿದೆ ಅಂತಿದ್ದರೆ ಕಾಯಬೇಡಿ. ಆ ದೂಳಿನ ಕೆಲಸ ಸಾಮಾನು ತರುವ ಮೊದಲೇ ಆಗಲಿ.

ಬಜೆಟ್ ಕಡಿಮೆ ಇದೆ. ಮೊದಲು ಯಾವುದಕ್ಕೆ ಖರ್ಚು ಮಾಡಲಿ?

ಪೈಪು, ವೈರು, ಗಾಳಿ. ಮೊದಲ ದುಡ್ಡು ಈ ಮೂರಕ್ಕೆ. ಇವು ಗೋಡೆಯ ಒಳಗೆ ಹೋಗುವ ಕೆಲಸ. ಆಮೇಲೆ ಸರಿಮಾಡಬೇಕೆಂದರೆ ಹೊಸ ಟೈಲ್ಸ್ ಒಡೆಯಬೇಕು. ಅವುಗಳ ನಂತರ ಕಟ್ಟೆ, ಸಿಂಕು. ಕಪಾಟಿನ ಬಾಗಿಲು, ಬಣ್ಣ, ಅಲಂಕಾರ ಕೊನೆಗೆ. ಬಾಗಿಲುಗಳನ್ನು ಮುಂದಿನ ವರ್ಷ ಹಾಕಿಸಿದರೂ ಏನೂ ಹಾಳಾಗುವುದಿಲ್ಲ. ಆರು ತಿಂಗಳು ನಾವು ಕಟ್ಟೆಯ ಕೆಳಗೆ ಹಳೆಯ ಹತ್ತಿ ಸೀರೆಯ ಪರದೆ ಕಟ್ಟಿಕೊಂಡಿದ್ದೆವು. ಅದು ಚೆನ್ನಾಗಿಯೇ ಇತ್ತು.

ಕಟ್ಟೆ ಎಷ್ಟು ಎತ್ತರ ಇರಬೇಕು?

ಈ ಪ್ರಶ್ನೆಗೆ ಬೇರೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಅಳತೆಗೆ ಬಂದವರು ಅಡುಗೆ ಮಾಡುವವರನ್ನು ಕೇಳದೆ 34 ಇಂಚು ಎಂದು ಬರೆದುಕೊಂಡು ಹೋಗುತ್ತಾರೆ. ಬಿಡಬೇಡಿ. ಅಡುಗೆ ಮಾಡುವವರು ಬರಿಗಾಲಲ್ಲಿ ನೇರ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಲ್ಲಿ 4ರಿಂದ 5 ಇಂಚು ಕಳೆಯಿರಿ. ತರಕಾರಿ ಹೆಚ್ಚಲು ಅದು ಹದವಾದ ಎತ್ತರ.

ಒಲೆಗೆ ಬೇರೆ ಲೆಕ್ಕ. ಕಟ್ಟೆಯ ಮೇಲೆ ಇಡುವ ಸ್ಟವ್ ತಾನೇ ಸುಮಾರು 4 ಇಂಚು ಎತ್ತರ ಇರುತ್ತದೆ. ಅದರ ಮೇಲೆ ಐದು ಲೀಟರ್ ಕುಕ್ಕರ್ ಕೂತರೆ, ಒಳಗಿನ ಬೇಳೆ ನೋಡಲು ಕುಳ್ಳಗಿರುವವರು ತುದಿಗಾಲಲ್ಲಿ ನಿಲ್ಲಬೇಕು. ಸಿಂಕಿಗೆ ಇದರ ಉಲ್ಟಾ. ಅಲ್ಲಿ ಪಾತ್ರೆ ಇರುವುದು ಕಟ್ಟೆಗಿಂತ 8 ಇಂಚು ಕೆಳಗೆ. ಕಟ್ಟೆ ತಗ್ಗಾಗಿದ್ದರೆ ಪಾತ್ರೆ ತೊಳೆದ ಮೇಲೆ ಸೊಂಟ ಹಿಡಿಯುತ್ತದೆ. ಜಾಗ ಇದ್ದರೆ ಒಲೆಯ ಕಡೆ ಸ್ವಲ್ಪ ತಗ್ಗು, ಸಿಂಕಿನ ಕಡೆ ಸ್ವಲ್ಪ ಎತ್ತರ ಮಾಡಿಸಿ. ಎರಡು ಇಂಚಿನ ವ್ಯತ್ಯಾಸ ಸಾಕು.

ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ಇತ್ತು. ನನ್ನ ಅಮ್ಮ ಗದಗಿನ ಕಡೆಯವರು, ಜೋಳದ ರೊಟ್ಟಿ ತಟ್ಟುತ್ತಾರೆ. ಅತ್ತೆ ಮಂಡ್ಯದವರು, ಅವರಿಗೆ ರಾಗಿ ಮುದ್ದೆ ತಿರುವಬೇಕು. ರೊಟ್ಟಿಗೆ ಹಿಟ್ಟು ನಾದುವಾಗಲೂ ಮುದ್ದೆಗೆ ಕೋಲು ಹಾಕಿ ತಿರುವುವಾಗಲೂ ಮೈಭಾರ ಮೇಲಿನಿಂದ ಬೀಳಬೇಕು. 33 ಇಂಚಿನ ಕಟ್ಟೆಯಲ್ಲಿ ಭುಜ ಮೇಲೇರುತ್ತದೆ, ಬಲ ಬರುವುದಿಲ್ಲ. ಅದಕ್ಕೆ ಕಿಟಕಿ ಪಕ್ಕ ಎರಡೂವರೆ ಅಡಿ ಅಗಲದ ಒಂದು ಭಾಗವನ್ನು 29 ಇಂಚಿಗೇ ನಿಲ್ಲಿಸಿದೆವು. ಅಮ್ಮ ಬಂದಾಗ ಅಲ್ಲಿ ರೊಟ್ಟಿ. ಅತ್ತೆ ಪಾತ್ರೆ ಇಳಿಸಿಕೊಂಡು ಅಲ್ಲೇ ಮುದ್ದೆ ತಿರುವುತ್ತಾರೆ. ಉಳಿದ ದಿನ ವೆಟ್ ಗ್ರೈಂಡರ್ ಅಲ್ಲಿರುತ್ತದೆ. ಅಷ್ಟು ಭಾರದ ವಸ್ತುವನ್ನು ಎತ್ತಿ ಇಳಿಸುವ ಕೆಲಸವೇ ಇಲ್ಲ.

ಈಳಿಗೆಮಣೆ ಹಾಕಿಕೊಂಡು ಕೆಳಗೆ ಕೂತು ಹೆಚ್ಚುವವರು, ಕಾಯಿ ತುರಿಯುವವರು ಮನೆಯಲ್ಲಿ ಇದ್ದಾರಾ? ಹಾಗಾದರೆ ನೆಲದ ಮೇಲೆ ಮೂರಡಿಗೆ ಮೂರಡಿ ಜಾಗ ಬಿಡಿ. ನಕ್ಷೆ ಬರೆಯುವವರು ಆ ಜಾಗವನ್ನು ಖಾಲಿ ಎಂದು ತಿಳಿದು ತುಂಬಿಬಿಡುತ್ತಾರೆ.

ಕಟ್ಟೆ ಕೆಳಗಿನ ಕಡಪ ಕಲ್ಲಿನ ಗೂಡುಗಳನ್ನು ಒಡೆಸಬೇಕಾ?

ಮಾಡ್ಯುಲರ್ ಮಾರುವವರು ಮೊದಲು ಹೇಳುವುದೇ ಅದು. ಒಡೆಸಬೇಡಿ ಅಂತ ನನ್ನ ಖಚಿತ ಅಭಿಪ್ರಾಯ. ಕಡಪ ಕಲ್ಲು ನೀರಿಗೆ ಉಬ್ಬುವುದಿಲ್ಲ. ಗೆದ್ದಲು ಹಿಡಿಯುವುದಿಲ್ಲ. 25 ಕೆಜಿ ಅಕ್ಕಿ ಮೂಟೆ ಇಟ್ಟರೂ ಬಾಗುವುದಿಲ್ಲ. ಅಂಥ ಪೆಟ್ಟಿಗೆ ಈಗಾಗಲೇ ಕಟ್ಟಿ ನಿಲ್ಲಿಸಿದೆ, ಅದನ್ನು ಒಡೆದು ಪ್ಲೈವುಡ್ ಪೆಟ್ಟಿಗೆ ಯಾಕೆ ತರಬೇಕು?

ಅದರ ಕೊರತೆಯೂ ನಿಜ. ಒಳಗೆ ಕತ್ತಲು. ಹಿಂದಿನ ಡಬ್ಬಿ ಕಾಣುವುದಿಲ್ಲ, ಮಂಡಿಯೂರಿ ಹುಡುಕಬೇಕು. ಇದಕ್ಕೆ ಪರಿಹಾರ ಸುಲಭ. ಕಲ್ಲಿನ ಮುಂದೆ ಚೌಕಟ್ಟು ಕೂರಿಸಿ ಬಾಗಿಲು ಹಾಕಿಸಿ. ಎರಡು ಗೂಡುಗಳಲ್ಲಿ ಮಾತ್ರ ನಡುವಿನ ಹಲಗೆ ತೆಗೆಸಿ, ಪಕ್ಕಕ್ಕೆ ಮರದ ಪಟ್ಟಿ ಬಡಿಸಿ, ಎಳೆಯುವ ಡ್ರಾಯರ್ ಹಾಕಿಸಿ. ದಿನಾ ಬೇಕಾಗುವ ಬೇಳೆ, ಪುಡಿ, ತಟ್ಟೆ ಲೋಟ ಅಲ್ಲಿ ಹಿಡಿಯುತ್ತವೆ. ಹಬ್ಬಕ್ಕೆ ತೆಗೆಯುವ ದೊಡ್ಡ ಪಾತ್ರೆಗಳು ಉಳಿದ ಗೂಡುಗಳಿಗೆ. ಒಂದು ಎಚ್ಚರಿಕೆ: ಗಾರೆಯವರು ಕಟ್ಟಿದ ಗೂಡುಗಳು ಒಂದಕ್ಕೊಂದು ಅರ್ಧ ಇಂಚು ಹೆಚ್ಚುಕಡಿಮೆ ಇರುತ್ತವೆ. ಪ್ರತಿ ಗೂಡನ್ನೂ ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಅಳೆಸಿ.

ಕಡಪ ಸುಣ್ಣದ ಕಲ್ಲಿನ ಜಾತಿ. ಆಸಿಡ್ ಹಾಕಿ ತೊಳೆದರೆ ಮೈ ಸುಲಿದ ಹಾಗೆ ಆಗುತ್ತದೆ. ಸೋಪಿನ ನೀರು ಸಾಕು.

ಕಟ್ಟೆಗೆ ಗ್ರಾನೈಟ್ ಒಳ್ಳೆಯದಾ, ಕ್ವಾರ್ಟ್ಜ್ ಒಳ್ಳೆಯದಾ?

ನಮ್ಮ ಅಡುಗೆಗೆ ಗ್ರಾನೈಟ್. ಕ್ವಾರ್ಟ್ಜ್ ಹಲಗೆ ಅಂದರೆ ಕಲ್ಲಿನ ಪುಡಿಯನ್ನು ರಾಳದಲ್ಲಿ ಬೆರೆಸಿ ಒತ್ತಿ ಮಾಡಿದ್ದು. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಟ್ಟರೆ ಆ ರಾಳ ಸುಟ್ಟು ಕಲೆ ಉಳಿಯುತ್ತದೆ. ಪ್ರತಿ ಸಲ ಮಣೆ ಇಡುವ ಅಭ್ಯಾಸ ಇದ್ದರೆ ಅದೂ ಆದೀತು. ಅಮೃತಶಿಲೆ ಬೇಡವೇ ಬೇಡ. ನಿಂಬೆಹಣ್ಣು, ಹುಣಸೆ ರಸ ಬಿದ್ದ ಕಡೆಯೆಲ್ಲ ಹೊಳಪು ತಿಂದುಹೋಗುತ್ತದೆ. ಬಿಳಿ ಹಲಗೆಗಳ ಮೇಲೆ ಅರಿಶಿನದ ಕಲೆ ಬೇಗ ಕಾಣುತ್ತದೆ.

ಒಳ್ಳೆಯ ಗ್ರಾನೈಟ್ ನಮ್ಮಲ್ಲೇ ಇದೆ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು, ಎರಡಕ್ಕೂ ದೂರದೂರದಲ್ಲಿ ಹೆಸರಿದೆ. ಬೆಂಗಳೂರಿನವರು ಜಿಗಣಿ ಕಡೆಗೆ ಹೋಗಿ ಕಲ್ಲನ್ನು ಕಣ್ಣಾರೆ ನೋಡಿ ಆರಿಸಬಹುದು. ಸಣ್ಣ ಮಾದರಿ ತುಂಡು ನೋಡಿ ಒಪ್ಪಬೇಡಿ, ನಿಮಗೆ ಕೊಡುವ ಹಲಗೆಯನ್ನೇ ನೋಡಿ. ಕಪ್ಪು ಕಲ್ಲಾದರೆ ಬಿಳಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬಣ್ಣ ಹಾಕಿದ ಕಲ್ಲು. ಎರಡು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾದು ಒರೆಸಿ. ಕೆಳಗೆ ಕಪ್ಪಾದ ಗುರುತು ಉಳಿದರೆ ಆ ಕಲ್ಲು ಎಣ್ಣೆಯನ್ನೂ ಹೀರುತ್ತದೆ.

ದಪ್ಪ 20 ಮಿಲಿಮೀಟರ್‌ಗೆ ಹತ್ತಿರ ಇರಲಿ. ಅಷ್ಟು ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕೆಜಿ ತೂಗುತ್ತದೆ. ಸಿಂಕಿಗೆ ತೂತು ಕೊರೆದ ಜಾಗದ ಮುಂದಿನ ಪಟ್ಟಿ ತೆಳ್ಳಗೆ ಉಳಿಯುವುದರಿಂದ ಅಲ್ಲಿ ಕೆಳಗೆ ಆಧಾರ ಬೇಕೇ ಬೇಕು. ಬೋರ್‌ವೆಲ್ ನೀರಿನ ಮನೆಯಾದರೆ ಇನ್ನೊಂದು ಮಾತು: ಅಚ್ಚ ಕಪ್ಪಿನ ಮೇಲೆ ಗಡಸು ನೀರಿನ ಬಿಳಿ ಕಲೆ ಎದ್ದು ಕಾಣುತ್ತದೆ. ಚುಕ್ಕೆ ಇರುವ ಬೂದು, ಕಂದು ಕಲ್ಲು ನಿಮಗೆ ಹೊಂದುತ್ತದೆ.

ಕಲ್ಲು ಕೊಯ್ಯುವಾಗ ನೀರು ಹಾಕಿಕೊಂಡು ಕೊಯ್ಯಲು ಹೇಳಿ. ಒಣಗಿದ ಕಲ್ಲಿನ ದೂಳು ಕೆಲಸಗಾರರ ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತದೆ. ನಾವು ಒಳ್ಳೆಯ ಮಾಸ್ಕ್‌ಗಳನ್ನು ತಂದುಕೊಟ್ಟೆವು. ನೀವೂ ಕೊಡಿ.

ಪ್ಲೈವುಡ್ ಯಾವುದು ಎಂದು ಹೇಗೆ ನಂಬುವುದು?

ಸಿಂಕಿನ ಕೆಳಗೆ ಮತ್ತು ನೆಲಕ್ಕೆ ಹತ್ತಿರ ಇರುವ ಪೆಟ್ಟಿಗೆಗಳಿಗೆ ಐಎಸ್ 710 ಗುರುತಿನ ಮೆರೈನ್ ಪ್ಲೈ. ಮೇಲಿನ ಕಪಾಟುಗಳಿಗೆ ಬಿಡಬ್ಲ್ಯೂಆರ್, ಅಂದರೆ ಕುದಿನೀರು ತಡೆಯುವ ದರ್ಜೆ, ಸಾಕು. ಬರೀ ತೇವ ತಡೆಯುವ ಎಂಆರ್ ಎಂಬ ದರ್ಜೆ ಅಡುಗೆಮನೆಗಲ್ಲ. ಮರದ ಚೂರುಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ.

ಮೆರೈನ್ ಪ್ಲೈ ಅನ್ನು ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ಪದರ ಬಿಡಬಾರದು. ನೀವು ಅಷ್ಟು ಹೊತ್ತು ಕುದಿಸಬೇಕಿಲ್ಲ. ಅಂಗೈಯಗಲದ ತುಂಡು ಕೇಳಿ ತಂದು, ಹಳೆಯ ಪಾತ್ರೆಯಲ್ಲಿ ಒಂದೆರಡು ಗಂಟೆ ಕುದಿಸಿ. ತುದಿ ಬಿಟ್ಟುಕೊಂಡರೆ ಆ ಮಾಲು ವಾಪಸ್. ನಾವು ಹೀಗೆ ಎರಡು ತುಂಡು ಕುದಿಸಿದೆವು. ಒಂದು 40 ನಿಮಿಷಕ್ಕೇ ಬಾಯಿ ಬಿಟ್ಟಿತು. ಮನೆಗೆ ಹಲಗೆ ಬಂದ ದಿನ ಪ್ರತಿ ಹಲಗೆಯ ಮೇಲಿನ ಐಎಸ್ಐ ಮುದ್ರೆಯ ಫೋಟೋ ತೆಗೆದಿಡಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ.

ಪ್ಲಗ್ ಪಾಯಿಂಟ್ ಎಷ್ಟು ಬೇಕು?

ನೀವು ಅಂದುಕೊಂಡದ್ದಕ್ಕಿಂತ ಎರಡು ಜಾಸ್ತಿ. ಎಣಿಕೆಗಿಂತ ಮುಖ್ಯವಾದದ್ದು ವೈರಿನ ದಪ್ಪ. 2000 ವ್ಯಾಟ್‌ನ ಇಂಡಕ್ಷನ್ ಒಲೆ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ವೈರಿನಲ್ಲಿ ಓವನ್ನೂ ಇದ್ದು ಎರಡೂ ಒಟ್ಟಿಗೆ ಓಡಿದರೆ ಗೋಡೆಯೊಳಗೆ ವೈರು ಬಿಸಿಯಾಗುತ್ತದೆ. ಇಂಡಕ್ಷನ್, ಓವನ್, ಗೀಸರ್ ಮೂರಕ್ಕೂ ಬೇರೆ ಬೇರೆ 16 ಆಂಪಿಯರ್ ಪಾಯಿಂಟ್, 4 ಚದರ ಮಿಲಿಮೀಟರ್ ತಾಮ್ರದ ವೈರು ಎಳೆಸಿ. ಮಿಕ್ಸಿಗೆ ಸಾಮಾನ್ಯ 6 ಆಂಪಿಯರ್ ಪಾಯಿಂಟ್ ಸಾಕು. ಒದ್ದೆ ಕೈಯ ಕೋಣೆ ಇದು. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇದೆಯಾ ನೋಡಿ. ಇಲ್ಲದಿದ್ದರೆ ಬೇರೆ ಯಾವ ಕೆಲಸಕ್ಕೂ ಮೊದಲು ಅದನ್ನು ಹಾಕಿಸಿ.

ಸಿಲಿಂಡರನ್ನು ಕಪಾಟಿನೊಳಗೆ ಮುಚ್ಚಿಡಬಹುದಾ?

ಇಡಬಹುದು, ಆದರೆ ಗಾಳಿಗೆ ದಾರಿ ಬೇಕು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ತಂಗುತ್ತದೆ. ಹಾಗಾಗಿ ಬಾಗಿಲಿನ ಕೆಳತುದಿಯಲ್ಲಿ ತೂತುಗಳಿರಲಿ. ಮೇಲ್ಗಡೆ ಮಾತ್ರ ಜಾಲರಿ ಇಟ್ಟರೆ ಪ್ರಯೋಜನ ಇಲ್ಲ. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು. ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಅದೇ ಕಪಾಟಿನಲ್ಲಿ ಪ್ಲಗ್ ಪಾಯಿಂಟ್ ಬೇಡ. ರಬ್ಬರ್ ಹೋಸನ್ನು ಗೋಡೆ ತೂತಿನಲ್ಲಿ ತೂರಿಸಬೇಡಿ. ಸಿಲಿಂಡರ್ ಯುಟಿಲಿಟಿಯಲ್ಲಿ ಇಡುವುದಾದರೆ, ಕೆಲಸ ಬಲ್ಲವರಿಂದ ಲೋಹದ ಪೈಪ್ ಹಾಕಿಸಿ. ಸುರಕ್ಷಾ ಹೋಸನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಹಳೆಯ ಮಾಲೀಕರು ಬಿಟ್ಟುಹೋದ ಹೋಸನ್ನು ಬಳಸಲೇಬೇಡಿ. ಗ್ಯಾಸ್ ಸೋರಿದರೆ ಕರೆ ಮಾಡುವ ನಂಬರ್ 1906. ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ.

ಪೈಪ್ ಗ್ಯಾಸ್ ಬಂದಿರುವ ಮನೆಯಲ್ಲಿ ಲೆಕ್ಕ ಉಲ್ಟಾ. ಆ ಗ್ಯಾಸ್ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಕಿಟಕಿಯ ಮೇಲ್ಭಾಗದ ಗಾಳಿದಾರಿ ಮುಚ್ಚಬೇಡಿ. ಮೀಟರನ್ನೂ ಬಂದ್ ಮಾಡುವ ಕವಾಟವನ್ನೂ ಕಪಾಟಿನ ಹಿಂದೆ ಅಡಗಿಸಬೇಡಿ.

ಚಿಮಣಿ ಬೇಕೇ ಬೇಕಾ?

ಅಡುಗೆಮನೆ ಹಾಲ್‌ಗೆ ತೆರೆದುಕೊಂಡಿದ್ದರೆ ಬೇಕು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಸೋಫಾವರೆಗೂ ಹೋಗುತ್ತದೆ. ಬಾಗಿಲು ಇರುವ ಅಡುಗೆಮನೆಗೆ, ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಮತ್ತು ಎದುರು ಒಂದು ಕಿಟಕಿ ಇದ್ದರೆ ಸಾಕು.

ಚಿಮಣಿ ಹಾಕಿಸುವುದಾದರೆ ಹೊಗೆ ಹೊರಗೆ ಹೋಗುವಂಥದ್ದೇ ಇರಲಿ. ಅದರ ಬಲ ಇರುವುದು ಪೈಪಿನಲ್ಲಿ. ಆರು ಇಂಚಿನ ಪೈಪು, ಆದಷ್ಟು ಗಿಡ್ಡ, ಆದಷ್ಟು ಕಡಿಮೆ ತಿರುವು. ಗೋಡೆ ತೂತು ಚಿಕ್ಕದು ಅಂತ ನಾಲ್ಕು ಇಂಚಿಗೆ ಇಳಿಸಿದರೆ ಎಷ್ಟು ದೊಡ್ಡ ಮೋಟಾರ್ ಇದ್ದರೂ ಸದ್ದು ಮಾತ್ರ ಬರುತ್ತದೆ.

ವಾಸ್ತು ಪ್ರಕಾರ ಒಲೆ ಆಗ್ನೇಯದಲ್ಲಿಲ್ಲ. ಅಡುಗೆಮನೆಯನ್ನೇ ಬದಲಿಸಬೇಕಾ?

ಮನೆಯ ಹಿರಿಯರ ಮನಸ್ಸಿಗೆ ಸಮಾಧಾನ ಆಗುವುದು ನನಗೂ ಮುಖ್ಯ. ಅದೇ ಕೋಣೆಯೊಳಗೆ ಒಲೆಯನ್ನು ಆಗ್ನೇಯ ಮೂಲೆಗೆ ತರುವುದು, ಪೂರ್ವಕ್ಕೆ ಮುಖ ಮಾಡಿ ನಿಲ್ಲುವ ಹಾಗೆ ಮಾಡುವುದು ಹೆಚ್ಚು ಖರ್ಚಿನ ಕೆಲಸ ಅಲ್ಲ. ಮಾಡಿ. ಅಡುಗೆಮನೆಯನ್ನು ಬೇರೆ ಕೋಣೆಗೆ ಸಾಗಿಸುವುದು ಬೇಡ. ಫ್ಲಾಟಿನಲ್ಲಿ ಆ ಕೋಣೆಯ ಕೆಳಗೆ ಇನ್ನೊಬ್ಬರ ಮಲಗುವ ಕೋಣೆ ಇರುತ್ತದೆ. ನಿಮ್ಮ ಸಿಂಕಿನ ನೀರು ಅವರ ತಲೆಯ ಮೇಲೆ ಹಾಯಬೇಕಾಗುತ್ತದೆ.

ಅಡುಗೆಮನೆ–ಹಾಲ್ ನಡುವಿನ ಗೋಡೆ ಒಡೆಯಬಹುದಾ?

ಕಟ್ಟಡದ ಮೂಲ ನಕ್ಷೆ ನೋಡದೆ ಸುತ್ತಿಗೆ ಎತ್ತಬೇಡಿ. ಇಟ್ಟಿಗೆಯ ಗೋಡೆಯಾದರೆ ಎಂಜಿನಿಯರನ್ನು ಕೇಳಿ ನಿರ್ಧರಿಸಬಹುದು. ಮೈವಾನ್ ಎಂಬ ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟು ಸುರಿದು ಕಟ್ಟಿದ ಹೊಸ ಅಪಾರ್ಟ್‌ಮೆಂಟಿನಲ್ಲಿ ಗೋಡೆಯೇ ಕಾಂಕ್ರೀಟು, ಅದೇ ಮೇಲಿನ ಮಹಡಿಯ ಭಾರ ಹೊರುತ್ತದೆ. ಅಲ್ಲಿ ಒಡೆಯುವುದು ಬಿಡಿ, ವೈರಿಗಾಗಿ ಗೋಡೆಯಲ್ಲಿ ಕಾಲುವೆ ಕೊರೆಯುವುದೂ ತಪ್ಪು. ಅಸೋಸಿಯೇಷನ್ನಿನ ಒಪ್ಪಿಗೆ ಪತ್ರವೂ ಬೇಕು.

ಸಿಂಕ್ ಹೇಗಿರಬೇಕು?

304 ದರ್ಜೆಯ ಸ್ಟೀಲು, ಒಂದೇ ದೊಡ್ಡ ಬೋಗುಣಿ. ಎರಡು ಸಣ್ಣ ಬೋಗುಣಿಗಳಲ್ಲಿ ದೋಸೆ ಹಂಚು ಅಡ್ಡಕ್ಕೂ ಹಿಡಿಯುವುದಿಲ್ಲ. ಕೊಳ್ಳಲು ಹೋಗುವಾಗ ನಿಮ್ಮ ಮನೆಯ ಅತಿ ದೊಡ್ಡ ಪಾತ್ರೆಯ ಅಳತೆ ಬರೆದುಕೊಂಡು ಹೋಗಿ. ಸಿಂಕಿನ ಕೆಳಗೆ ಬಾಟಲ್ ಟ್ರ್ಯಾಪ್ ಹಾಕಿಸಿ. ಅದರಲ್ಲಿ ನಿಲ್ಲುವ ನೀರು ಕೊಳಚೆ ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ.

ಬಣ್ಣ, ಟೈಲ್ಸ್, ಲೈಟು?

ಒಲೆ ಹಿಂದಿನ ಗೋಡೆಗೆ ದೊಡ್ಡ ಅಳತೆಯ, ನುಣುಪಾದ ಟೈಲ್ಸ್. ಸಂದಿಗೆ ಎಪಾಕ್ಸಿ ಎಂಬ ರಾಳದ ಗ್ರೌಟ್. ಸಿಮೆಂಟಿನ ಸಂದಿ ಎಣ್ಣೆ ಹೀರಿ ಹಳದಿಯಾಗುತ್ತದೆ. ಬಣ್ಣ ನಿಮ್ಮಿಷ್ಟ. ಸೂರಿನ ಮಧ್ಯೆ ಒಂದೇ ಲೈಟ್ ಇದ್ದರೆ ಹೆಚ್ಚುವ ಜಾಗದಲ್ಲಿ ನಿಮ್ಮದೇ ನೆರಳು ಬೀಳುತ್ತದೆ. ಮೇಲಿನ ಕಪಾಟಿನ ಅಡಿಗೆ ಒಂದು ಎಲ್ಇಡಿ ಪಟ್ಟಿ ಹಾಕಿಸಿ.

ಮನೆ ಹಳೆಯದಾದರೆ ಒಂದು ಎಚ್ಚರಿಕೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಎನಾಮಲ್ ಬಣ್ಣವನ್ನು ಒಣಗಿದ್ದಾಗ ಉಜ್ಜಿ ತೆಗೆಯಬಾರದು. ನೀರು ಹಾಕಿ ಉಜ್ಜಿಸಿ. ಪುಟ್ಟ ಮಕ್ಕಳು, ಬಸುರಿಯರು ಆ ದಿನ ಮನೆಯಲ್ಲಿ ಇರುವುದು ಬೇಡ.

ಕೊಟೇಷನ್ ಓದುವುದು ಹೇಗೆ? ಒಬ್ಬೊಬ್ಬರದು ಒಂದೊಂದು ಥರ ಇದೆ.

ಒಬ್ಬರು ಕಪಾಟಿನ ಮುಂಭಾಗದ ಚದರ ಅಡಿ ಲೆಕ್ಕ ಹಾಕುತ್ತಾರೆ, ಇನ್ನೊಬ್ಬರು ಕಟ್ಟೆಯ ಉದ್ದದ ಅಡಿ ಲೆಕ್ಕ. ಹೋಲಿಸಬೇಕಾದರೆ ಎಲ್ಲರಿಗೂ ಒಂದೇ ನಕ್ಷೆ ಕೊಟ್ಟು ಒಟ್ಟು ಮೊತ್ತ ಕೇಳಿ. ಪೆಟ್ಟಿಗೆಗೆ ಯಾವ ಹಲಗೆ, ಬಾಗಿಲಿಗೆ ಯಾವುದು, ಹಿಂಬದಿಗೆ ಎಷ್ಟು ದಪ್ಪ, ಕೀಲು ಮತ್ತು ಡ್ರಾಯರ್ ಓಡುವ ಚಾನಲ್ ಯಾವ ಕಂಪನಿಯ ಯಾವ ಮಾಡೆಲ್, ಡ್ರಾಯರ್ ಎಷ್ಟು ಕೆಜಿ ತಡೆಯುತ್ತದೆ, ಜಿಎಸ್‌ಟಿ ಸೇರಿದೆಯಾ, ಎಲ್ಲವೂ ಕಾಗದದ ಮೇಲೆ ಬರಲಿ. ದುಡ್ಡನ್ನು ಕಂತಿನಲ್ಲಿ ಕೊಡಿ. ಹತ್ತರಲ್ಲಿ ಒಂದು ಭಾಗವನ್ನಾದರೂ ಕೆಲಸ ಮುಗಿದು ಹದಿನೈದು ದಿನ ಬಳಸಿದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿ.

ಕೆಲಸದ ಕ್ರಮ ಯಾವುದು? ಎಷ್ಟು ದಿನ ಹಿಡಿಯುತ್ತದೆ?

ಒಡೆಯುವುದು, ಪೈಪು, ವೈರು, ಗಾರೆ, ಟೈಲ್ಸ್, ಕಲ್ಲು, ಬಣ್ಣದ ಮೊದಲ ಕೋಟು. ಇಷ್ಟಾದ ಮೇಲೆ ಮರಗೆಲಸದ ಅಳತೆ. ನಮ್ಮ ಕೆಲಸ ಹಿಡಿದವರು ಟೈಲ್ಸ್ ಹಾಕುವ ಮೊದಲೇ ಅಳತೆ ತೆಗೆದುಕೊಂಡು ಹೋದರು. ಟೈಲ್ಸೂ ಗಾರೆಯೂ ಸೇರಿ ಒಂದೊಂದು ಗೋಡೆಯಲ್ಲಿ ಮುಕ್ಕಾಲು ಇಂಚು ಜಾಗ ತಿಂದವು. ಮೂಲೆಯ ಡ್ರಾಯರ್ ಬಾಗಿಲ ಚೌಕಟ್ಟಿಗೆ ತಾಗಿ ಅರ್ಧಕ್ಕೇ ನಿಂತಿತು. ಮತ್ತೆ ಮಾಡಿಸಲು ಹನ್ನೆರಡು ದಿನ ಹೋದವು.

ಎಲ್ಲ ಸರಿಯಾಗಿ ನಡೆದರೂ ನಾಲ್ಕರಿಂದ ಆರು ವಾರ ಇಟ್ಟುಕೊಳ್ಳಿ. ಗಾರೆಗೆ ಒಂದು ವಾರ ನೀರುಣಿಸಬೇಕು, ಅದನ್ನು ಅವಸರ ಮಾಡಬೇಡಿ. ಮಳೆಗಾಲದಲ್ಲಿ ಗೋಡೆ ಆರುವುದು ನಿಧಾನ. ಅಷ್ಟು ದಿನ ಹಾಲ್‌ನಲ್ಲಿ ಒಂದು ಮೇಜು, ಇಂಡಕ್ಷನ್ ಒಲೆ, ಒಂದು ಕುಕ್ಕರ್. ಬಿಸಿಬೇಳೆ ಬಾತ್, ಪೊಂಗಲ್, ಉಪ್ಪಿಟ್ಟು ಹೀಗೆ ಒಂದೇ ಪಾತ್ರೆಯ ಅಡುಗೆ ಮಾಡಿಕೊಂಡರೆ ಹೋಟೆಲ್ ಊಟ ತಪ್ಪುತ್ತದೆ.

ಕೆಲಸ ಮುಗಿಯಿತು ಅಂದ ದಿನ ಏನೇನು ನೋಡಬೇಕು?

ಸಿಂಕನ್ನು ಕಂಠಮಟ್ಟ ತುಂಬಿಸಿ ಒಮ್ಮೆಲೇ ಬಿಡಿ. ಕೆಳಗಿನ ಪ್ರತಿ ಜೋಡಣೆಗೂ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಎಲ್ಲ ಡ್ರಾಯರ್‌ಗಳಿಗೂ ನಿಮ್ಮ ನಿಜವಾದ ಡಬ್ಬಿಗಳನ್ನು ತುಂಬಿಸಿ ಎಳೆಯಿರಿ. ಖಾಲಿ ಡ್ರಾಯರ್ ಯಾವಾಗಲೂ ಸಲೀಸಾಗಿ ಓಡುತ್ತದೆ. ಇಂಡಕ್ಷನ್ನೂ ಮಿಕ್ಸಿಯೂ ಒಟ್ಟಿಗೆ ಓಡಿಸಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ, ಕರೆಂಟ್ ಹೋಗಬೇಕು. ಚಿಮಣಿ ಹಚ್ಚಿ ಒಗ್ಗರಣೆ ಹಾಕಿ, ಮನೆಯ ಇನ್ನೊಬ್ಬರು ಹಾಲ್‌ನಲ್ಲಿ ನಿಂತು ಘಾಟು ಬರುತ್ತದಾ ಹೇಳಲಿ.

ಗಾರೆ ಮುಚ್ಚುವ ಮೊದಲು ತೆಗೆದ ಪೈಪು–ವೈರಿನ ಫೋಟೋಗಳನ್ನು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ. ನಾವು ಪ್ರತಿ ಫೋಟೋದಲ್ಲೂ ಗೋಡೆಗೆ ಅಳತೆ ಟೇಪು ಹಿಡಿದೇ ತೆಗೆದಿದ್ದೆವು. ಹೋದ ತಿಂಗಳು ವಾಟರ್ ಫಿಲ್ಟರ್ ಕೂರಿಸಲು ಡ್ರಿಲ್ ತಂದವರಿಗೆ ಆ ಫೋಟೋ ತೋರಿಸಿದೆ. ಅವರು ಗುರುತು ಹಾಕಿದ್ದ ಜಾಗದ ಹಿಂದೆಯೇ ಬಿಸಿನೀರಿನ ಪೈಪು ಹೋಗಿತ್ತು.